ಕೊಳ್ಳುವುದೋ, ಇಲ್ಲೇ ಕಟ್ಟುವುದೋ, ಬಾಡಿಗೆಗೆ ತರುವುದೋ: ಸೇನೆಯ ಶಸ್ತ್ರ ಖರೀದಿಯ ದಾರಿಗಳ ಹೋಲಿಕೆ

ಕೊಡಗಿನಲ್ಲಿ ಮದುವೆ ಚಪ್ಪರದಡಿ ನಾಲ್ವರು ನಿವೃತ್ತ ಯೋಧರು ಸೇರಿದರೆ ಮಾತು ಕಾಫಿ ಬೆಲೆ, ಆನೆ ಹಾವಳಿಗಳನ್ನು ದಾಟಿ ಕೊನೆಗೆ ಸೇನೆಗೇ ಬಂದು ನಿಲ್ಲುತ್ತದೆ. ಈಚೆಗೆ ಆ ಮಾತು ಹೆಚ್ಚಾಗಿ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿದೆ: ಶಸ್ತ್ರಾಸ್ತ್ರಗಳನ್ನು ಹೊರಗಿನಿಂದ ಕೊಳ್ಳಬೇಕೋ, ಇಲ್ಲೇ ತಯಾರಿಸಬೇಕೋ? ಕೂಡಿಗೆಯ ಸೈನಿಕ ಶಾಲೆಯಲ್ಲಿ ಓದುತ್ತಿರುವ, ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನದ ಗುಂಪು ಚರ್ಚೆಗೆ ಸಿದ್ಧರಾಗುತ್ತಿರುವ ಹುಡುಗ ಹುಡುಗಿಯರೂ ಇದನ್ನೇ ಕೇಳುತ್ತಾರೆ. ವಾದ ನಡೆಯುವುದು ಎರಡೇ ದಾರಿಗಳಿವೆ ಎಂಬಂತೆ. ಒಂದು ಕಡೆಯವರು ಫ್ರಾನ್ಸ್‌ನಿಂದ ಕೊಂಡ ಯುದ್ಧವಿಮಾನ ರಫೇಲ್ ಎನ್ನುತ್ತಾರೆ, ಇನ್ನೊಂದು ಕಡೆಯವರು ಇಲ್ಲೇ ಕಟ್ಟಿದ ತೇಜಸ್ ಎನ್ನುತ್ತಾರೆ. ವಾಸ್ತವದಲ್ಲಿ ದಾರಿಗಳು ಆರೇಳಿವೆ, ಭಾರತ ಅವೆಲ್ಲವನ್ನೂ ತುಳಿದಿದೆ, ಪ್ರತಿಯೊಂದರಲ್ಲೂ ಲಾಭ ನಷ್ಟ ಎರಡನ್ನೂ ಕಂಡಿದೆ. ಹಾಗಾಗಿ ಊಹೆಯ ಬದಲು ಆಗಿಹೋದ ಖರೀದಿಗಳನ್ನೇ ಮುಂದಿಟ್ಟುಕೊಂಡು ಹೋಲಿಸಬಹುದು.

ಮೊದಲು ಅಳತೆಗೋಲುಗಳು

ಮೊದಲನೆಯದು ಕಾಲ. ಶಸ್ತ್ರ ಮುಂದಿನ ಚಳಿಗಾಲಕ್ಕೆ ಬೇಕೋ, ಹದಿನೈದು ವರ್ಷಗಳ ನಂತರಕ್ಕೆ ಬೇಕೋ ಎಂಬುದು ತೀರ್ಮಾನವಾಗದೆ ಉಳಿದ ಚರ್ಚೆಗೆ ಅರ್ಥವಿಲ್ಲ. ಎರಡನೆಯದು ಸಂಖ್ಯೆ. ಮೂವತ್ತಾರು ವಿಮಾನಗಳಿಗಾಗಿ ಇಲ್ಲೊಂದು ಕಾರ್ಖಾನೆ ಕಟ್ಟಿದರೆ ಒಂದೊಂದು ವಿಮಾನದ ಬೆಲೆ ಗಗನಕ್ಕೇರುತ್ತದೆ. ಆರು ಲಕ್ಷ ರೈಫಲ್‌ಗಳನ್ನು ಹೊರಗಿನಿಂದ ತರಿಸುತ್ತಾ ಕೂತರೆ ಅದೂ ಅವಿವೇಕ.

ಮೂರನೆಯದು ವೆಚ್ಚ, ಆದರೆ ಪತ್ರಿಕೆಯ ತಲೆಬರಹದಲ್ಲಿ ಬರುವ ವೆಚ್ಚವಲ್ಲ. ಯುದ್ಧವಿಮಾನವೊಂದು ಮೂವತ್ತು ನಲವತ್ತು ವರ್ಷ ಸೇವೆಯಲ್ಲಿರುತ್ತದೆ; ಅಷ್ಟು ಕಾಲ ಅದಕ್ಕೆ ಬೇಕಾಗುವ ಬಿಡಿಭಾಗ, ಎಂಜಿನ್ ದುರಸ್ತಿ, ತರಬೇತಿ, ಮಧ್ಯದಲ್ಲೊಮ್ಮೆ ಮಾಡಿಸುವ ಉನ್ನತೀಕರಣ ಎಲ್ಲವನ್ನೂ ಕೂಡಿದರೆ ಖರೀದಿಯ ಮೊತ್ತ ಚಿಕ್ಕ ಪಾಲಾಗಿಬಿಡುತ್ತದೆ. ನಾಲ್ಕನೆಯದು, ಆ ಖರೀದಿ ಮುಗಿದ ಮೇಲೆ ದೇಶದಲ್ಲಿ ಯಾವ ವಿದ್ಯೆ ಉಳಿಯುತ್ತದೆ ಎಂಬುದು.

ಐದನೆಯದನ್ನು ಕೊನೆಗೆ ಇಟ್ಟಿದ್ದರೂ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು: ಯುದ್ಧದ ಹೊತ್ತಿಗೆ ಪೂರೈಕೆಯ ನಲ್ಲಿ ಯಾರ ಕೈಯಲ್ಲಿರುತ್ತದೆ? ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇರುವ ನಾಡಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೈಲ್ ಮುಹೂರ್ತದ ದಿನ ಪೂಜೆಗೆ ಇಡುವ ಕೋವಿ ಎಷ್ಟೇ ಉತ್ತಮವಾದದ್ದಾಗಿರಲಿ, ಅದರ ತೋಟೆ ಎಲ್ಲಿಯೂ ಸಿಗದಿದ್ದರೆ ಅದು ಪೂಜೆಗೆ ಮಾತ್ರ.

ಈ ಅಳತೆಗೋಲಿಗೆ ಕೊಡಗಿನದೇ ಇತಿಹಾಸದ ಸಾಕ್ಷಿಯಿದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದದ್ದು ಫ್ರಾನ್ಸ್‌ನಿಂದ ಕೊಂಡ ಮಿಸ್ಟೇರ್ ವಿಮಾನದಲ್ಲಿ. ಅವರು ಹೊಡೆದುರುಳಿಸಿದ್ದು ಅಮೆರಿಕ ಪಾಕಿಸ್ತಾನಕ್ಕೆ ನೆರವಾಗಿ ಕೊಟ್ಟಿದ್ದ, ವೇಗದಲ್ಲಿ ಮಿಸ್ಟೇರ್‌ಗಿಂತ ಬಹಳ ಮುಂದಿದ್ದ ಎಫ್-104 ಸ್ಟಾರ್‌ಫೈಟರ್ ಅನ್ನು. ಅವರು ಹಿಂದಿರುಗಲಿಲ್ಲ, ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆ ಯುದ್ಧ ನಡೆಯುತ್ತಿರುವಾಗಲೇ ಅಮೆರಿಕ ಎರಡೂ ದೇಶಗಳಿಗೆ ಶಸ್ತ್ರ ಪೂರೈಕೆಯನ್ನು ನಿಲ್ಲಿಸಿತು. ನಿರ್ಬಂಧ ಇಬ್ಬರಿಗೂ ಒಂದೇ ಆಗಿದ್ದರೂ ಪೆಟ್ಟು ಬಿದ್ದದ್ದು ಪಾಕಿಸ್ತಾನಕ್ಕೆ, ಏಕೆಂದರೆ ಅದರ ಸೇಬರ್, ಸ್ಟಾರ್‌ಫೈಟರ್ ವಿಮಾನಗಳೂ ಪ್ಯಾಟನ್ ಟ್ಯಾಂಕ್‌ಗಳೂ ಒಂದೇ ಅಂಗಡಿಯವು. ಭಾರತದ ಬಳಿ ಬ್ರಿಟನ್, ಫ್ರಾನ್ಸ್, ಸೋವಿಯತ್ ಮೂಲದ ಶಸ್ತ್ರಗಳಿದ್ದವು, ನ್ಯಾಟ್ ವಿಮಾನ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು.

ಒಂದೇ ತೋಪು, ಹಲವು ದಾರಿ

ದಾರಿಗಳನ್ನು ಹೋಲಿಸಲು 155 ಮಿಲಿಮೀಟರ್ ಫಿರಂಗಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಒಂದೇ ವ್ಯಾಸದ ನಳಿಗೆಯುಳ್ಳ ತೋಪನ್ನು ಭಾರತ ಕಳೆದ ನಾಲ್ಕು ದಶಕಗಳಲ್ಲಿ ಬೇರೆ ಬೇರೆ ದಾರಿಗಳಲ್ಲಿ ಪಡೆದಿದೆ.

1986ರ ಮಾರ್ಚ್‌ನಲ್ಲಿ ಸ್ವೀಡನ್ನಿನ ಬೋಫೋರ್ಸ್ ಕಂಪನಿಯಿಂದ 410 ಹೊವಿಟ್ಜರ್‌ಗಳನ್ನು ಸುಮಾರು 1,437 ಕೋಟಿ ರೂಪಾಯಿಗೆ ಕೊಳ್ಳಲಾಯಿತು. ಮುಂದೆ ಇಲ್ಲೇ ತಯಾರಿಸಲು ತಂತ್ರಜ್ಞಾನ ವರ್ಗಾವಣೆಯೂ ಒಪ್ಪಂದದಲ್ಲಿತ್ತು. ಮರುವರ್ಷ ಲಂಚದ ಆರೋಪ ಹೊರಬಿತ್ತು. ರಾಜಕೀಯವಾಗಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಸೇನೆಗೆ ಏನಾಯಿತೆಂಬುದರ ಬಗ್ಗೆ ಚರ್ಚೆ ಕಡಿಮೆ. ಇಲ್ಲಿ ತಯಾರಿಕೆ ಆರಂಭವಾಗಲಿಲ್ಲ, ಕಂಪನಿಯೊಡನೆ ವ್ಯವಹಾರ ನಿಂತಿತು, ನಕ್ಷೆಗಳು ಕಪಾಟಿನಲ್ಲಿ ಉಳಿದವು. 1999ರಲ್ಲಿ ಕಾರ್ಗಿಲ್‌ನಲ್ಲಿ ಅದೇ ತೋಪುಗಳು ದ್ರಾಸ್ ಹೆದ್ದಾರಿಯ ಬದಿಯಿಂದ ತೋಲೋಲಿಂಗ್, ಟೈಗರ್ ಹಿಲ್ ಶಿಖರಗಳ ಮೇಲೆ ನೇರ ಗುರಿಯಿಟ್ಟು ಹೊಡೆದು ಯುದ್ಧದ ದಿಕ್ಕು ಬದಲಿಸಿದವು. ಶಸ್ತ್ರದ ಆಯ್ಕೆ ಸರಿಯಾಗಿತ್ತು. ಖರೀದಿಯ ವಿಧಾನ ಕೆಟ್ಟಿತ್ತು. ಇವೆರಡನ್ನೂ ಬೇರೆಯಾಗಿ ನೋಡಲಾರದೆ ಹೋದದ್ದರಿಂದ ಮುಂದಿನ ಮೂವತ್ತು ವರ್ಷ ಸೇನೆಗೆ ಒಂದೂ ಹೊಸ 155 ಎಂಎಂ ಫಿರಂಗಿ ಬರಲಿಲ್ಲ.

ಆ ಬರ ನೀಗಿದ ಬಗೆ ನೋಡಿ. 2016ರಲ್ಲಿ ಅಮೆರಿಕ ಸರ್ಕಾರದೊಡನೆ ನೇರ ವ್ಯವಹಾರ ಮಾಡಿ 145 ಎಂ777 ತೋಪುಗಳನ್ನು ಸುಮಾರು 73.7 ಕೋಟಿ ಡಾಲರ್‌ಗೆ, ಅಂದಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 5,000 ಕೋಟಿ ರೂಪಾಯಿಗೆ, ಕೊಳ್ಳಲಾಯಿತು. 25 ಸಿದ್ಧವಾಗಿ ಬಂದವು, ಉಳಿದ 120ರ ಜೋಡಣೆ ಇಲ್ಲಿ. 2017ರಲ್ಲಿ ದಕ್ಷಿಣ ಕೊರಿಯಾದ ಕೆ9 ಅನ್ನು ‘ವಜ್ರ’ ಎಂಬ ಹೆಸರಿನಲ್ಲಿ ಗುಜರಾತಿನ ಹಜೀರಾದಲ್ಲಿ ಎಲ್ ಅಂಡ್ ಟಿ ತಯಾರಿಸಲು ಒಪ್ಪಂದವಾಯಿತು. ನೂರು ತೋಪುಗಳು 2021ರ ಫೆಬ್ರವರಿಯೊಳಗೆ, ಗಡುವಿಗೆ ಮೊದಲೇ, ಸೇನೆಯ ಕೈಸೇರಿದವು. ಕಪಾಟಿನಲ್ಲಿದ್ದ ಬೋಫೋರ್ಸ್ ನಕ್ಷೆಗಳನ್ನು ಹೊರತೆಗೆದು, ನಳಿಗೆಯನ್ನು 39ರಿಂದ 45 ಕ್ಯಾಲಿಬರ್‌ಗೆ, ಅಂದರೆ ಅದರ ವ್ಯಾಸದ 45 ಪಟ್ಟಿಗೆ, ಉದ್ದಗೊಳಿಸಿ ಜಬಲ್‌ಪುರದಲ್ಲಿ ‘ಧನುಷ್’ ತಯಾರಾಯಿತು. ಮೊದಲ ಆರು 2019ರ ಏಪ್ರಿಲ್‌ನಲ್ಲಿ ಹಸ್ತಾಂತರಗೊಂಡವು. ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 2013ರಲ್ಲಿ ಕೈಗೆತ್ತಿಕೊಂಡ ಸ್ವದೇಶಿ ವಿನ್ಯಾಸದ ಎಟಿಎಜಿಎಸ್ ತೋಪಿಗೆ 2025ರ ಮಾರ್ಚ್‌ನಲ್ಲಿ ಆದೇಶ ಬಂತು: 307 ತೋಪುಗಳು, ಎಳೆಯುವ ವಾಹನಗಳೂ ಸೇರಿ ಸುಮಾರು 6,900 ಕೋಟಿ ರೂಪಾಯಿ, ತಯಾರಕರು ಭಾರತ್ ಫೋರ್ಜ್ ಮತ್ತು ಟಾಟಾ.

ಭಾಗಾಕಾರ ಮಾಡಿದರೆ ಒಂದು ಎಂ777ಗೆ ಸುಮಾರು 34 ಕೋಟಿ, ಒಂದು ಎಟಿಎಜಿಎಸ್‌ಗೆ ಸುಮಾರು 22 ಕೋಟಿ ಬೀಳುತ್ತದೆ. 2024ರ ಡಿಸೆಂಬರ್‌ನಲ್ಲಿ ಕೆ9 ವಜ್ರಕ್ಕೆ ಕೊಟ್ಟ, ಮತ್ತೆ ನೂರು ತೋಪುಗಳ ಎರಡನೆಯ ಆದೇಶ 7,628 ಕೋಟಿ ರೂಪಾಯಿಯದು. ಆ ಮೊತ್ತವನ್ನು ನೂರರಿಂದ ಭಾಗಿಸಿದರೆ ಒಂದಕ್ಕೆ 76 ಕೋಟಿ. ಸ್ವದೇಶಿಯೇ ಅಗ್ಗ ಎಂದು ಇಷ್ಟಕ್ಕೇ ತೀರ್ಪು ಕೊಡುವವರಿದ್ದಾರೆ. ಆದರೆ ಇವು ಬೇರೆ ಬೇರೆ ವರ್ಷದ ಬೆಲೆಗಳು, ಪ್ರತಿ ಒಪ್ಪಂದದಲ್ಲಿ ಸೇರಿದ ಬಿಡಿಭಾಗ, ಸೇವೆಗಳೂ ಬೇರೆ. ಅದಕ್ಕಿಂತ ಮುಖ್ಯವಾಗಿ ಇವು ಒಂದೇ ಕೆಲಸದ ತೋಪುಗಳಲ್ಲ. ಟೈಟಾನಿಯಂ ಬಳಸಿದ ಎಂ777ರ ತೂಕ ಸುಮಾರು 4.2 ಟನ್, ಚಿನೂಕ್ ಹೆಲಿಕಾಪ್ಟರ್ ಅದನ್ನು ಹೊಟ್ಟೆಯಡಿ ತೂಗಿಸಿಕೊಂಡು ರಸ್ತೆಯಿಲ್ಲದ ಬೆಟ್ಟದ ನೆತ್ತಿಗೆ ಇಳಿಸಬಲ್ಲದು. ಎಟಿಎಜಿಎಸ್ 45 ಕಿಲೋಮೀಟರಿಗೂ ದೂರ ಹೊಡೆಯುತ್ತದೆ, ಆದರೆ ತೂಕ 18 ಟನ್ನಿನಷ್ಟು. ಕೆ9 ತನ್ನದೇ ಎಂಜಿನ್, ಪಟ್ಟಾಚಕ್ರ, ಕವಚವುಳ್ಳ, ಟ್ಯಾಂಕಿನಂತೆ ಓಡುವ ತೋಪು. ಮರುಭೂಮಿಗೆಂದು ಕೊಂಡದ್ದನ್ನು ಚಳಿಗೆ ಹೊಂದಿಸಿ ಲಡಾಖ್‌ಗೂ ಒಯ್ಯಲಾಯಿತು. ಬೆಲೆ ಹೋಲಿಸುವ ಮೊದಲು ಕೆಲಸ ಹೋಲಿಸಬೇಕು.

ಸಿದ್ಧವಸ್ತುವಿನ ನೇರ ಖರೀದಿ

ತುರ್ತು ಇದ್ದು, ಬೇಕಾದ ಸಂಖ್ಯೆ ಚಿಕ್ಕದಾಗಿದ್ದು, ಆ ತಂತ್ರಜ್ಞಾನ ನಮ್ಮಲ್ಲಿ ಇನ್ನೂ ಇಲ್ಲದಿದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಇದರಲ್ಲೂ ಎರಡು ಬಗೆ. ಬಹಿರಂಗ ಟೆಂಡರ್ ಕರೆದು, ಪರೀಕ್ಷೆ ನಡೆಸಿ, ಕಡಿಮೆ ಬೆಲೆ ನಮೂದಿಸಿದವರಿಗೆ ಕೊಡುವುದು ಒಂದು. ಸರ್ಕಾರದಿಂದ ಸರ್ಕಾರಕ್ಕೆ ನೇರ ಒಪ್ಪಂದ ಇನ್ನೊಂದು. 126 ಯುದ್ಧವಿಮಾನಗಳಿಗೆ 2007ರಲ್ಲಿ ಕರೆದ ಟೆಂಡರ್‌ನಲ್ಲಿ 2012ರಲ್ಲಿ ರಫೇಲ್ ಆಯ್ಕೆಯಾಯಿತು, ಮಾತುಕತೆ ಮುಗಿಯದೆ 2015ರಲ್ಲಿ ಎಲ್ಲವೂ ರದ್ದಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ಸರ್ಕಾರದೊಡನೆ 36 ವಿಮಾನಗಳಿಗೆ 787 ಕೋಟಿ ಯೂರೋ ಒಪ್ಪಂದವಾಯಿತು. 2020ರ ಜುಲೈನಲ್ಲಿ ಮೊದಲ ಐದು ಅಂಬಾಲಾಕ್ಕೆ ಬಂದಿಳಿದವು, 2022ರ ಕೊನೆಗೆ ಎಲ್ಲವೂ ಬಂದಿದ್ದವು. ವೇಗದಲ್ಲಿ ಎರಡನೆಯ ಬಗೆಯೇ ಮೇಲು, ಅನುಮಾನವಿಲ್ಲ. ಆದರೆ ಸ್ಪರ್ಧೆ ಇಲ್ಲದಲ್ಲಿ ಬೆಲೆ ಸರಿಯೇ ಎಂದು ತೋರಿಸಿಕೊಡುವುದು ಕಷ್ಟ, ಹಾಗಾಗಿ ವಿವಾದ ಬೆನ್ನು ಬಿಡುವುದಿಲ್ಲ.

ಹಿಡಿತದ ಅಳತೆಗೋಲಿನಲ್ಲಿ ನೇರ ಖರೀದಿ ಎಲ್ಲಕ್ಕಿಂತ ಕೆಳಗೆ ನಿಲ್ಲುತ್ತದೆ. 2018ರ ಅಕ್ಟೋಬರ್‌ನಲ್ಲಿ ರಷ್ಯಾದಿಂದ ಎಸ್-400 ವಾಯುರಕ್ಷಣಾ ವ್ಯವಸ್ಥೆಯ ಐದು ಘಟಕಗಳಿಗೆ 543 ಕೋಟಿ ಡಾಲರ್ ಒಪ್ಪಂದವಾದಾಗ ರಷ್ಯಾದ ಶಸ್ತ್ರ ಕೊಳ್ಳುವವರ ಮೇಲೆ ಅಮೆರಿಕ ಹೇರುವ ದಿಗ್ಬಂಧನದ ಭಯ ಒಂದು ಕಡೆಯಿಂದ ಬಂತು. ಉಕ್ರೇನ್ ಯುದ್ಧ ಶುರುವಾದ ಮೇಲೆ ಮಾರುವವನಿಗೇ ತನ್ನ ವಸ್ತು ಬೇಕಾಗಿ ಕೊನೆಯ ಎರಡು ಘಟಕಗಳು ತಡವಾದವು. ಮಾರುವ ದೇಶ ನಮ್ಮ ಮೇಲೆ ಮುನಿಯಬೇಕೆಂದೇನಿಲ್ಲ, ಅದಕ್ಕೆ ಸ್ವಂತ ಯುದ್ಧವೊಂದು ಬಂದರೂ ಸಾಕು.

ಪರವಾನಗಿ ಪಡೆದು ಇಲ್ಲಿ ತಯಾರಿಕೆ

ಸಂಖ್ಯೆ ದೊಡ್ಡದಿದ್ದಾಗ ಈ ದಾರಿ. ಮಿಗ್-21 ವಿಮಾನಗಳನ್ನು ನಾಸಿಕ್‌ನಲ್ಲಿ ಎಚ್‌ಎಎಲ್ ಆರುನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿತು. ಅವು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿಯಾದವು. ಸುಖೋಯ್-30 ಎಂಕೆಐ ಪಡೆಯಲ್ಲಿ ಬಹುಪಾಲು ನಾಸಿಕ್‌ನಲ್ಲೇ ತಯಾರಾದದ್ದು, ಅದರ ಎಂಜಿನ್ ಒಡಿಶಾದ ಕೋರಾಪುಟ್‌ನಲ್ಲಿ. ಬಿಡಿಭಾಗ, ದುರಸ್ತಿ, ನುರಿತ ಕೈಗಳು ಇಲ್ಲಿ ಸಿಗುತ್ತವೆ, ಉದ್ಯೋಗವೂ ಸೃಷ್ಟಿಯಾಗುತ್ತದೆ. ಆದರೆ ನೇರವಾಗಿ ತರಿಸುವುದಕ್ಕಿಂತ ಇದು ಹಲವು ಬಾರಿ ದುಬಾರಿಯಾಗಿದೆ. ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ: ಪರವಾನಗಿಯಲ್ಲಿ ಸಿಗುವುದು ‘ಹೇಗೆ ಮಾಡಬೇಕು’ ಎಂಬುದಷ್ಟೇ, ‘ಏಕೆ ಹಾಗೆ’ ಎಂಬುದಲ್ಲ. ನೂರಾರು ಮಿಗ್ ಕಟ್ಟಿದ ಅನುಭವ ನಮಗೊಂದು ಎಂಜಿನ್ ವಿನ್ಯಾಸ ಮಾಡುವ ವಿದ್ಯೆ ಕೊಡಲಿಲ್ಲ.

ರೈಫಲ್‌ಗಳ ಕಥೆ ನೇರ ಖರೀದಿ, ಪರವಾನಗಿಗಳೆರಡನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುತ್ತದೆ. ಗಡಿಯಲ್ಲಿರುವ ಪದಾತಿಗಳಿಗೆ ತಕ್ಷಣ ಬೇಕೆಂದು 2019ರ ಫೆಬ್ರವರಿಯಲ್ಲಿ 72,400 ಸಿಗ್ ಸೌರ್ ರೈಫಲ್‌ಗಳನ್ನು ಅಮೆರಿಕದಿಂದ ನೇರವಾಗಿ ತರಿಸಲಾಯಿತು. ಮರುತಿಂಗಳೇ ಅಮೇಠಿಯ ಕೋರ್ವಾದಲ್ಲಿ ಎಕೆ-203 ತಯಾರಿಕೆಗೆ ಚಾಲನೆ ಕೊಟ್ಟರೂ, ಬೆಲೆ ಮತ್ತು ಷರತ್ತುಗಳ ಚೌಕಾಸಿ ಮುಗಿದು ಆರು ಲಕ್ಷಕ್ಕೂ ಹೆಚ್ಚು ರೈಫಲ್‌ಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಡಿಸೆಂಬರ್‌ನಲ್ಲಿ. ತುರ್ತಿಗೆ ಆಮದು, ದೊಡ್ಡ ಸಂಖ್ಯೆಗೆ ಸ್ಥಳೀಯ ತಯಾರಿಕೆ ಎಂಬುದು ಒಪ್ಪುವ ಮಾತೇ. ಆದರೆ ಎರಡೂ ರೈಫಲ್‌ಗಳ ಗುಂಡು 7.62 ಮಿಲಿಮೀಟರಿನದೇ ಆದರೂ ತೋಟೆಯ ಉದ್ದ ಬೇರೆ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಸರಬರಾಜು ನೋಡಿಕೊಳ್ಳುವ ಸುಬೇದಾರನಿಗೆ ಈ ಆಯ್ಕೆಯ ನಿಜವಾದ ಬೆಲೆ ಗೊತ್ತು.

ಸ್ವಂತ ವಿನ್ಯಾಸ

ಇಲ್ಲಿ ತಾಳ್ಮೆಯೇ ಬಂಡವಾಳ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಎಫ್-24 ಮರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಹಾರಿತು. ಶರೀರ ಅಚ್ಚುಕಟ್ಟಾಗಿತ್ತು, ತಕ್ಕ ಎಂಜಿನ್ ಸಿಗಲಿಲ್ಲ. ಬ್ರಿಟನ್ನಿನಿಂದ ನಿರೀಕ್ಷಿಸಿದ್ದ ಶಕ್ತಿಯುತ ಎಂಜಿನ್ ಬಾರದೆ, ದುರ್ಬಲವಾದ ಆರ್ಫಿಯಸ್‌ನಲ್ಲೇ ಅದು ಬದುಕು ಸವೆಸಿತು. 147 ವಿಮಾನಗಳಾದ ಮೇಲೆ ಆ ಸಾಲು ಮುಗಿಯಿತು. ನಂತರದ ತೇಜಸ್‌ಗೆ 1983ರಲ್ಲಿ ಮಂಜೂರಾತಿ, 2001ರ ಜನವರಿಯಲ್ಲಿ ಮೊದಲ ಹಾರಾಟ, 2016ರಲ್ಲಿ ಮೊದಲ ಸ್ಕ್ವಾಡ್ರನ್ (ವಾಯುಪಡೆಯ ವಿಮಾನಗಳ ತಂಡ). ಅದರ ಸುಧಾರಿತ ಮಾರ್ಕ್-1ಎ ವಿಮಾನಗಳು 83ಕ್ಕೆ 2021ರಲ್ಲಿ ಒಪ್ಪಂದವಾಯಿತು. 2024ರಲ್ಲಿ ಬರಬೇಕಿದ್ದವು ತಡವಾದದ್ದಕ್ಕೆ ದೊಡ್ಡ ಕಾರಣ, ಅಮೆರಿಕದ ಜಿಇ ಕಂಪನಿಯ ಎಫ್404 ಎಂಜಿನ್‌ಗಳು ಹೊತ್ತಿಗೆ ಬಾರದದ್ದು. ಆರು ದಶಕ ಕಳೆದರೂ ಎಡವಿದ್ದು ಅದೇ ಕಲ್ಲಿಗೆ.

ಹೀಗೆಂದು ಈ ದಾರಿ ಬೇಡವೆನ್ನಲಾಗದು. ತೇಜಸ್‌ಗೆ ಯಾವ ಕ್ಷಿಪಣಿ ಜೋಡಿಸಬೇಕು, ಅದರ ಗಣಕ ಸಂಕೇತವನ್ನು ಹೇಗೆ ಬದಲಿಸಬೇಕು ಎಂಬುದಕ್ಕೆ ಯಾವ ಪರದೇಶದ ಅಪ್ಪಣೆಯೂ ಬೇಕಿಲ್ಲ, ಹಾಗೂ 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಗಳಿಗೆ ಆದೇಶ ಸಿಕ್ಕಿದೆ. ‘ಸ್ವದೇಶಿ ಶೇಕಡಾ ಇಷ್ಟು’ ಎಂಬ ಘೋಷಣೆ ಕೇಳಿದಾಗ ನಾನು ಕೇಳುವುದು, ಬಾಕಿ ಉಳಿದ ಶೇಕಡಾದಲ್ಲಿ ಏನಿದೆ ಎಂದು. ಅದು ಟೈರ್, ಸೀಟುಗಳಾದರೆ ಚಿಂತೆಯಿಲ್ಲ, ಎಂಜಿನ್ ಆದರೆ ಚಿಂತಿಸಲೇಬೇಕು.

ಜಂಟಿ ಅಭಿವೃದ್ಧಿ, ಹಳೆಯ ಮಾಲು, ಬಾಡಿಗೆ

ಜಂಟಿ ಅಭಿವೃದ್ಧಿಗೆ ಬ್ರಹ್ಮೋಸ್ ಕ್ಷಿಪಣಿ ಮಾದರಿ: 1998ರಲ್ಲಿ ರಷ್ಯಾದೊಡನೆ ಒಪ್ಪಂದ, 2001ರ ಜೂನ್‌ನಲ್ಲಿ ಮೊದಲ ಪರೀಕ್ಷೆ, 2022ರಲ್ಲಿ ಫಿಲಿಪ್ಪೀನ್ಸ್‌ಗೆ ಸುಮಾರು 37.5 ಕೋಟಿ ಡಾಲರ್ ಮಾರಾಟ. ಎರಡೂ ಕಡೆಯವರಿಗೆ ಕೊಡಲು ಏನಾದರೂ ಇದ್ದದ್ದರಿಂದ ಅದು ಫಲಿಸಿತು. ಒಬ್ಬರು ಹಣ ಮಾತ್ರ ತಂದರೆ ಅದು ಜಂಟಿಯಾಗದೆ ಖರೀದಿಯಾಗಿಯೇ ಉಳಿಯುತ್ತದೆ.

ಹಳೆಯ ಮಾಲಿನ ವಿಷಯದಲ್ಲಿ ರಷ್ಯಾದಿಂದ ಪಡೆದ ಹಳೆಯ ವಿಮಾನವಾಹಕ ಹಡಗು ವಿಕ್ರಮಾದಿತ್ಯವನ್ನು ನೆನೆದರೆ ಸಾಕು. 2004ರಲ್ಲಿ ಹಡಗಿನ ದುರಸ್ತಿಗೆ ಒಪ್ಪಿದ್ದು 97.4 ಕೋಟಿ ಡಾಲರ್. ಕೆಲಸ ಬಿಚ್ಚಿದಷ್ಟೂ ಬೆಳೆದು ಕೊನೆಗೆ 235 ಕೋಟಿ ಡಾಲರ್ ಆಯಿತು, 2008ಕ್ಕೆ ಬರಬೇಕಿದ್ದ ಹಡಗು ಬಂದದ್ದು 2013ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಹಣ ಕಟ್ಟಿಯಾಗಿದ್ದರಿಂದ ಹಿಂದೆ ಸರಿಯುವಂತಿರಲಿಲ್ಲ. ಆದರೂ 2022ರಲ್ಲಿ ಕೊಚ್ಚಿಯಲ್ಲಿ ಸ್ವದೇಶಿ ವಿಕ್ರಾಂತ್ ಸೇವೆಗೆ ಸೇರುವ ತನಕ, 2017ರಲ್ಲಿ ವಿರಾಟ್ ನಿವೃತ್ತಿಯಾದ ಬಳಿಕ, ನೌಕಾಪಡೆಗೆ ಇದ್ದ ಏಕೈಕ ವಿಮಾನವಾಹಕ ಅದೇ.

ಬಾಡಿಗೆಯನ್ನು ಜನ ಹಗುರವಾಗಿ ಕಾಣುತ್ತಾರೆ. ನನಗೆ ಅದು ಜಾಣತನದ ದಾರಿಯಾಗಿ ಕಾಣುತ್ತದೆ. 2020ರ ರಕ್ಷಣಾ ಸ್ವಾಧೀನ ಕಾರ್ಯವಿಧಾನ ಇದಕ್ಕೆ ಪ್ರತ್ಯೇಕ ಅವಕಾಶ ಕೊಟ್ಟಿತು. ಅದೇ ವರ್ಷ ನೌಕಾಪಡೆ ಎರಡು ಸೀ ಗಾರ್ಡಿಯನ್ ಡ್ರೋನ್‌ಗಳನ್ನು ಬಾಡಿಗೆಗೆ ತಂದು, ಹಿಂದೂ ಮಹಾಸಾಗರದಲ್ಲಿ ಹಾರಿಸಿ ನೋಡಿದ ಮೇಲೆ 2024ರ ಅಕ್ಟೋಬರ್‌ನಲ್ಲಿ ಅದೇ ಬಗೆಯ 31 ಡ್ರೋನ್‌ಗಳ ಖರೀದಿಗೆ ಸಹಿಯಾಯಿತು. ರಷ್ಯಾದ ಅಣುಶಕ್ತಿ ಜಲಾಂತರ್ಗಾಮಿ ‘ಚಕ್ರ’ 2012ರಿಂದ 2021ರವರೆಗೆ ಬಾಡಿಗೆಯಲ್ಲಿದ್ದು ನಮ್ಮ ನಾವಿಕರಿಗೆ ಹಣದಿಂದ ಕೊಳ್ಳಲಾಗದ ಅನುಭವ ಕೊಟ್ಟಿತು. ಅನುಭವಕ್ಕೆ, ತರಬೇತಿಗೆ, ಪರೀಕ್ಷೆಗೆ ಬಾಡಿಗೆ ಸರಿ. ಮೊದಲ ಸಾಲಿನ ಯುದ್ಧಶಸ್ತ್ರಕ್ಕೆ ಷರತ್ತುಗಳು ಅಡ್ಡ ಬರುತ್ತವೆ.

ಯಾರಿಗೆ ಯಾವುದು

2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ ರೂಪಾಯಿ ಇದ್ದರೂ, ಹೊಸ ಸಲಕರಣೆಗಳ ಖರೀದಿಗೆ ಇದ್ದದ್ದು 1.48 ಲಕ್ಷ ಕೋಟಿಯಷ್ಟು. ಅದರಲ್ಲಿ ಮುಕ್ಕಾಲು ಪಾಲು ದೇಶೀಯ ತಯಾರಕರಿಗೆ ಮೀಸಲು. ಹಣ ಸೀಮಿತವಾದ್ದರಿಂದ ಆಯ್ಕೆ ವಸ್ತುವಿನಿಂದ ವಸ್ತುವಿಗೆ ಬದಲಾಗಬೇಕು. ಮದ್ದುಗುಂಡು, ರೈಫಲ್, ಫಿರಂಗಿ, ವಾಹನಗಳಿಗೆ ಇಂದು ಆಮದನ್ನು ಸಮರ್ಥಿಸುವುದು ಕಷ್ಟ; ಯುದ್ಧ ವಾರಗಟ್ಟಲೆ ಎಳೆದಾಗ ಮೊದಲು ಮುಗಿಯುವುದು ಗುಂಡುಗಳೇ, ಆದ್ದರಿಂದ ಮದ್ದುಗುಂಡಿನ ವಿಷಯದಲ್ಲಿ ಒಂದಿಷ್ಟು ಹೆಚ್ಚು ಬೆಲೆ ತೆತ್ತಾದರೂ ಇಲ್ಲೇ ತಯಾರಿಸಬೇಕು. ಬೆಟ್ಟಕ್ಕೆ ಹಾರಿಸಿ ಒಯ್ಯುವ ತೋಪಿನಂಥ ಕೆಲವೇ ವಿಶೇಷ ವಸ್ತುಗಳಿಗೆ ನೇರ ಖರೀದಿ ಸಾಕು. ಈಗಾಗಲೇ ಕೈಯಲ್ಲಿರುವ ವಿನ್ಯಾಸವನ್ನು ಧನುಷ್‌ನಂತೆ ಬೆಳೆಸುವುದು ಬಡ ಬಜೆಟ್ಟಿನ ಉತ್ತಮ ದಾರಿ, ಆದರೂ ಸುದ್ದಿಯಾಗುವುದಿಲ್ಲ.

ನಿಜವಾದ ಇಕ್ಕಟ್ಟು ಇರುವುದು ಯುದ್ಧವಿಮಾನದಲ್ಲಿ. ವಾಯುಪಡೆಗೆ ಮಂಜೂರಾದ ಸ್ಕ್ವಾಡ್ರನ್‌ಗಳು 42. ಮಿಗ್-21 ಹೋದ ಮೇಲೆ ಉಳಿದದ್ದು 29. 2018ರಿಂದಲೇ 114 ವಿದೇಶಿ ವಿಮಾನಗಳನ್ನು ಇಲ್ಲೇ ತಯಾರಿಸುವ ಪ್ರಸ್ತಾಪ ಓಡಾಡುತ್ತಿದೆ. ಕಾಲದ ಅಳತೆಗೋಲು ಬೇಗ ಕೊಳ್ಳಿ ಎನ್ನುತ್ತದೆ. 114 ಎಂಬ ಸಂಖ್ಯೆ ಒಂದು ಉತ್ಪಾದನಾ ಸಾಲನ್ನು ಸಾಕಬಲ್ಲದು, ಆದರೆ ಅಗ್ಗವಾಗಿಸುವಷ್ಟು ದೊಡ್ಡದಲ್ಲ. ಅದೇ ಹಣವನ್ನು ತೇಜಸ್‌ನ ಮುಂದಿನ ರೂಪವಾದ ಮಾರ್ಕ್-2ಕ್ಕೆ ಹಾಕಿದರೆ ವಿದ್ಯೆ ಉಳಿಯುತ್ತದೆ, ಆದರೆ ನಡುವಿನ ವರ್ಷಗಳಲ್ಲಿ ಆಕಾಶ ಕಾಯುವವರು ಕಡಿಮೆಯಾಗುತ್ತಾರೆ. ನಾನಾದರೆ ವಿದೇಶಿ ವಿಮಾನಕ್ಕೆ ಒಪ್ಪುತ್ತೇನೆ, ಎರಡು ಷರತ್ತುಗಳೊಡನೆ: ಎಂಜಿನ್‌ನ ಪೂರ್ಣ ದುರಸ್ತಿ ಮೊದಲ ದಿನದಿಂದ ಇಲ್ಲಿಯೇ ಆಗಬೇಕು, ನಮ್ಮದೇ ‘ಅಸ್ತ್ರ’ ಎಂಬ ಕ್ಷಿಪಣಿಯನ್ನು ಅದಕ್ಕೆ ಜೋಡಿಸುವಾಗ ಪ್ರತಿ ಬಾರಿಯೂ ಮಾರಿದವರ ಅನುಮತಿ, ಶುಲ್ಕ ಎಂದು ಅಲೆಯುವಂತಿರಬಾರದು. ಈ ಎರಡು ಒಪ್ಪಂದದ ಪಠ್ಯದಲ್ಲಿ ಇಲ್ಲದಿದ್ದರೆ, 114ರ ಬದಲು ಎರಡು ಸ್ಕ್ವಾಡ್ರನ್‌ಗಳಿಗೆ ಸಾಲುವಷ್ಟನ್ನು ಸಿದ್ಧವಾಗಿ ತರಿಸಿಕೊಂಡು ಉಳಿದ ಹಣವನ್ನು ಬೆಂಗಳೂರಿನ ಎಂಜಿನ್ ಪ್ರಯೋಗಾಲಯಕ್ಕೆ ಕೊಡುವುದು ಲೇಸು.